ಟೋಪಿ ಇಲ್ಲದ ಫೋಟೋ

ನಮ್ಮ ಓಣಿಯಲ್ಲಿ ಎಲ್ಲರೂ ಹಳೆಯ ಸೀರೆ ಕೊಟ್ಟು ಹೊಸ ಸ್ಟೀಲ್ ಡಬ್ಬಿ ಕೊಳ್ಳುವವರೇ. ಹೊಸ ನೋಟು ಕೊಟ್ಟು ಹಳೆಯ ಡಬ್ಬಿ ತರುವವಳು ನಾನೊಬ್ಬಳೇ. ನನ್ನ ಡಬ್ಬಿಗಳಿಗೆ ಒಂದೊಂದು ಕಣ್ಣಿರುತ್ತದೆ, ಅಷ್ಟೇ ವ್ಯತ್ಯಾಸ. ರೋಲು ಹಾಕಿ ಫೋಟೋ ತೆಗೆಯುವ ಹಳೆಯ ಕ್ಯಾಮರಾಗಳನ್ನು ಕೂಡಿಸುವ ಹುಚ್ಚು ನನ್ನದು. ಈಗ ಮನೆಯಲ್ಲಿ ಹದಿನಾಲ್ಕು ಇವೆ. “ಹದಿನೈದನೆಯದು ಬಂದ ದಿನ ನನ್ನ ಹಾಸಿಗೆ ಕಟ್ಟೆಯ ಮೇಲೆ” ಎಂದು ನಮ್ಮ ಮನೆಯವರು ಆಗಲೇ ಹೇಳಿಟ್ಟಿದ್ದಾರೆ.

ಶಿರಗುಪ್ಪಿಯಲ್ಲಿ ಇವೆಲ್ಲ ಎಲ್ಲಿ ಸಿಗಬೇಕು? ನಮಗೆ ಪೇಟೆ ಎಂದರೆ ಮಿರಜ, ಸಾಂಗಲಿ. ಅಲ್ಲಿ ಬಾಗಿಲು ಹಾಕಿದ ಸ್ಟುಡಿಯೋದವರು ಕೆಲವನ್ನು ಕೊಟ್ಟರು. ಪುಣೆಗೆ ಮಗಳ ಮನೆಗೆ ಹೋದಾಗ ರವಿವಾರ, ಬುಧವಾರ ಕೂಡುವ ಜುನಾ ಬಜಾರದಲ್ಲಿ ಕೆಲವು ಸಿಕ್ಕವು. ತುಕ್ಕು ಹಿಡಿದ ಬೀಗ, ನಿಂತ ಗಡಿಯಾರ, ಹಿತ್ತಾಳೆ ತಂಬಿಗೆಗಳ ನಡುವೆ ಅವು ಮಂಕಾಗಿ ಕುಳಿತಿರುತ್ತವೆ. ಕೈಗೆತ್ತಿಕೊಂಡರೆ ಅಂಗಡಿಯವನು ಮೊದಲು ಕೇಳುವ ಪ್ರಶ್ನೆ, “ಸಾಹೇಬರಿಗೇನ್ರೀ?” ನನಗೇ ಎಂದರೆ ಅವನು ಒಮ್ಮೆ ನನ್ನ ಸೆರಗನ್ನೂ ಒಮ್ಮೆ ಕ್ಯಾಮರಾವನ್ನೂ ನೋಡುತ್ತಾನೆ. ಆಮೇಲೆ ಬೆಲೆ ಏರಿಸುತ್ತಾನೆ.

ಆಗ ನಾನು ಕೊಲ್ಲಾಪುರದ ಬಾಬೂರಾವ್ ಪೇಂಟರ್ ಅವರನ್ನು ನೆನೆಯುತ್ತೇನೆ. ನಮ್ಮಿಂದ ಕೈಯಳತೆಯ ದೂರದ ಆ ಊರಲ್ಲಿ ಅವರು ಸ್ವತಃ ಸಿನಿಮಾ ಕ್ಯಾಮರಾ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ಚಿತ್ರ ತೆಗೆದರು. ಕಟ್ಟುವ ಕೈ ನನಗಿಲ್ಲ. ಕಟ್ಟಿದ್ದನ್ನು ಕಾಯುವುದಕ್ಕಾದರೂ ಯಾರಾದರೂ ಬೇಕಲ್ಲ!

ಕ್ಯಾಮರಾ ಕೊಳ್ಳುವುದೂ ಬದನೆಕಾಯಿ ಕೊಳ್ಳುವುದೂ ಒಂದೇ. ಮೇಲಿನ ಹೊಳಪಿಗೆ ಮರುಳಾದರೆ ಒಳಗೆ ಹುಳ. ಮೊದಲು ಹಿಂಬದಿಯ ಮುಚ್ಚಳ ತೆರೆದು ಬೆಳಕಿಗೆ ಹಿಡಿಯಬೇಕು. ಕಾಚಿನ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದಾಗ ಶಟರಿನ ಸದ್ದು ಚುರುಕಾಗಿರಬೇಕು, ಮುದುಕರ ಕೆಮ್ಮಿನಂತೆ ಎಳೆಯಬಾರದು. ಚರ್ಮದ ಚೀಲದ ಆಸೆಗೆ ಬೀಳಬಾರದು. ಮಳೆಗಾಲದಲ್ಲಿ ಆ ಚೀಲವೇ ತೇವ ಹಿಡಿದು ಬೂಷ್ಟನ್ನು ಸಾಕುತ್ತದೆ. ನಾನು ಅಕ್ಕಿಯ ಡಬ್ಬಿಯಂಥ ಬಿಗಿ ಡಬ್ಬಿಯಲ್ಲಿ, ಔಷಧಿ ಸೀಸೆಗಳಲ್ಲಿ ಬರುವ ತೇವ ಹೀರುವ ಪುಡಿಕೆಗಳೊಂದಿಗೆ ಇಡುತ್ತೇನೆ.

ಒಂದು ಯಾಶಿಕಾ ಎಲೆಕ್ಟ್ರೋ ಇದೆ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಎಂಬತ್ತರ ದಶಕದ ‘ಹಾಟ್‌ಶಾಟ್’ ಇದೆ; ‘ಖಟಾಕ್’ ಎಂಬ ಅದರ ಜಾಹೀರಾತು ನಿಮಗೂ ನೆನಪಿರಬಹುದು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮಿನ ಖಾಲಿ ಡಬ್ಬವೂ ಇದೆ. 1960ರಲ್ಲಿ ಶುರುವಾದ ಆ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಹದಿನಾಲ್ಕರಲ್ಲಿ ಮೂರು ಒಂದೇ ಜಾತಿಯವು: ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ಒಂದೇ ತರಹದ್ದು ಮೂರು ಯಾಕೆ ಎಂದು ಕೇಳಿದರೆ, ನಾನು ಹುಡುಕುತ್ತಿರುವುದು ನಾಲ್ಕನೆಯದನ್ನು.

ಅಪ್ಪನ ಬಳಿ ಅದೇ ಇತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ಬರುವವರೆಗೆ ಅಪ್ಪ ಗುಂಡಿ ತಿರುವುವಾಗ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಹೆಂಗಸರು ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಹೀಗಾಗಿ ಅಲ್ಬಮ್ಮಿನಲ್ಲಿ ಎಲ್ಲರೂ ಇದ್ದೆವು, ಅಪ್ಪ ಮಾತ್ರ ಇರಲಿಲ್ಲ. ಒಮ್ಮೆ ದೀಪಾವಳಿ ಪಾಡ್ಯದ ದಿನ, ಏನು ತಿಳಿಯಿತೋ, ಅವ್ವನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕುಳಿತರು. ಅವ್ವ ತೆಗೆದಳು. ಫೋಟೋ ತೊಳೆದು ಬಂದಾಗ ಅಪ್ಪನ ಮುಖ ಇತ್ತು, ಹೊಸ ಗಾಂಧಿ ಟೋಪಿ ಮಾತ್ರ ಇರಲಿಲ್ಲ!

“ಜನಾ ಟೋಪಿ ಹಾಕತಾರ, ಇಕಿ ಟೋಪಿ ತಗದಾಳ” ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗಿಸಿದರು. ಬೀಗರ ಮುಂದೆ, ಅಳಿಯಂದಿರ ಮುಂದೆ, ಆಮೇಲೆ ಮೊಮ್ಮಕ್ಕಳ ಮುಂದೆಯೂ. ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದಳು. ಮತ್ತೆಂದೂ ಕ್ಯಾಮರಾ ಮುಟ್ಟಲಿಲ್ಲ. ಅಡಚಣೆಯ ಒಂದು ವರ್ಷ ಅಪ್ಪ ಅದನ್ನು ಮಾರಿದರು. ನನ್ನ ಬಿ.ಎಡ್. ಫೀಸು ತುಂಬಿದ್ದು ಅದೇ ವಾರ. ಎರಡಕ್ಕೂ ಸಂಬಂಧ ಇದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಪ್ಪ ಹೋದ ಮೇಲೆ ಆ ಟೋಪಿ ಇಲ್ಲದ ಫೋಟೋಕ್ಕೇ ಮಾಲೆ ಬಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ತವರುಮನೆಯ ಒಳಗೆ ಬಂದಳು. ನೀರು ಇಳಿದಾಗ ಕಟ್ಟಿನ ಒಳಗೆ ಬೂದುಬಣ್ಣದ ಕಾಗದ ಉಳಿದಿತ್ತು. ಅಲ್ಬಮ್ಮು ಒಂದೇ ಮುದ್ದೆಯಾಗಿತ್ತು.

ಮೊದಲ ಕ್ಲಿಕ್ 3 ಕೊಂಡದ್ದು ಅದರ ಮರುವರ್ಷ. ಅದಕ್ಕೆ ಹಿಡಿಯುವ ರೋಲು ಈಗಲೂ ಸಿಗುತ್ತದೆ. ಬೆಲೆ ಮಾತ್ರ ಅಪ್ಪ ಕೇಳಿದ್ದರೆ ಮೂರ್ಛೆ ಹೋಗುವಂಥದ್ದು. ಶಾಲೆಯ ಹುಡುಗಿಯರನ್ನು ನಿಲ್ಲಿಸಿ ಹನ್ನೆರಡೂ ತೆಗೆದೆ. ದೂರ ನಿಂತವರು ಸರಿಯಾಗಿ ಬಂದಿದ್ದರು. ಹತ್ತಿರ ನಿಂತವರೆಲ್ಲರ ನೆತ್ತಿ ಮಾಯ! “ಅಕ್ಕೋರ, ನನ್ನ ಹೂವು ಎಲ್ಲೈತ್ರೀ?” ಎಂದಳು ಒಬ್ಬಳು.

ಕ್ಯಾಮರಾ ಮುಂದಿಟ್ಟುಕೊಂಡು ನೋಡಿದೆ. ನಾವು ಕಣ್ಣಿಟ್ಟು ನೋಡುವ ಕಿಂಡಿ ಮೇಲೆ, ಚಿತ್ರ ಹಿಡಿಯುವ ಕಾಚು ಅದರ ಕೆಳಗೆ. ದೂರದ್ದಕ್ಕೆ ಈ ಅಂತರ ಲೆಕ್ಕಕ್ಕಿಲ್ಲ. ಹತ್ತಿರದ್ದಾದರೆ ಕಿಂಡಿ ಕಂಡಷ್ಟು ಮೇಲಿನದನ್ನು ಕಾಚು ಕಾಣುವುದಿಲ್ಲ. ಕಿಂಡಿಯಲ್ಲಿ ಟೋಪಿ ಇರುತ್ತದೆ, ಫಿಲ್ಮಿನಲ್ಲಿ ಇರುವುದಿಲ್ಲ. ಮಕ್ಕಳಿಗೆ ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ತಿಳಿಯಲು ಐವತ್ತು ದಾಟಬೇಕಾಯಿತು. ಅವ್ವನ ಕೈ ತಪ್ಪಿರಲಿಲ್ಲ.

ಆ ರವಿವಾರವೇ ಬಸ್ಸು ಹತ್ತಿ ತವರಿಗೆ ಹೋಗಿ ಎಲ್ಲ ವಿವರಿಸಿದೆ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ನಾ ಟೋಪಿ ಯಾಕ ನೋಡಲಿ? ಅವರ ಮಾರಿ ನೋಡಾಕತ್ತಿದ್ನಿ. ದೂರ ನಿಂತರ ಸಣ್ಣದ ಕಾಣತಿತ್ತು, ಅದಕ್ಕ ಹತ್ರ ಹೋದ್ನಿ.”

ಅಷ್ಟು ವರ್ಷ ನಕ್ಕವರಲ್ಲಿ ನಾನೂ ಒಬ್ಬಳು. ನನಗೆ ಮಾತು ಬರಲಿಲ್ಲ. ರೋಲು ತುಂಬಿದ ಇನ್ನೊಂದು ಕ್ಯಾಮರಾ ಚೀಲದಲ್ಲಿತ್ತು. ಕೈಗೆ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಹುಣಸೆಯ ಕೈ ಸೆರಗಿಗೆ ಒರೆಸಿಕೊಂಡಳು. “ಎರಡ ಹೆಜ್ಜಿ ಹಿಂದ ಸರಿಯಬೇ” ಎಂದೆ. ಸರಿಯಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಬಂದಳು.

ಅಕ್ಕಂದಿರೇ, ನಿಮ್ಮ ಅಟ್ಟದ ಮೇಲೂ ಇಂಥ ಒಂದು ಡಬ್ಬಿ ಇದ್ದೀತು. ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ನಿಮ್ಮ ಅವ್ವನ ಕೈಗೆ ಕೊಟ್ಟು ನೋಡಿ.

ನನ್ನ ಫೋಟೋ ಪುಣೆಯಿಂದ ತೊಳೆದು ಬಂತು. ನೆತ್ತಿ ಇಲ್ಲ, ಹಣೆಯೂ ಅರ್ಧ. ಉಳಿದದ್ದೆಲ್ಲ ಮುಖ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಯಾರಾದರೂ ನಗುವ ಮೊದಲೇ ದೋಷ ಕ್ಯಾಮರಾದ್ದು ಎಂದು ಹೇಳಿಬಿಡುತ್ತೇನೆ.