ಮಂಗಳನ ಮನೆವಾರ್ತೆ

ನಾಟಕಕ್ಕೆ ತಾಲೀಮು ಉಂಟು, ಸೈನ್ಯಕ್ಕೆ ಕವಾಯತು ಉಂಟು, ಸಂಗೀತಗಾರನಿಗೆ ಸಾಧನೆ ಉಂಟು. ಆದರೆ ಬದುಕುವುದಕ್ಕೆ ತಾಲೀಮು ಉಂಟೆ? ಬೆಳಗ್ಗೆ ಎದ್ದು ಮುಖ ತೊಳೆಯುವುದು, ಅಡುಗೆ ಮಾಡಿ ಉಣ್ಣುವುದು, ಪಾತ್ರೆ ಬೆಳಗುವುದು, ಜೊತೆಯವರೊಡನೆ ಎರಡು ಮಾತನಾಡಿ ಮಲಗುವುದು, ಇವನ್ನು ಅಭ್ಯಾಸಮಾಡಿ ಪರೀಕ್ಷೆಗೆ ಕುಳಿತವರನ್ನು ನಾವು ಕಂಡಿಲ್ಲ. ಆದರೂ ಜಗತ್ತಿನ ಕೆಲವೆಡೆ ವಿದ್ಯಾವಂತರೂ ದೃಢಕಾಯರೂ ಆದ ಸ್ತ್ರೀಪುರುಷರು ಬಾಗಿಲು ಮುಚ್ಚಿಕೊಂಡು ತಿಂಗಳುಗಟ್ಟಲೆ ಇದನ್ನೇ ಅಭ್ಯಾಸಮಾಡಿದ್ದಾರೆ, ಇಂದಿಗೂ ಮಾಡುತ್ತಿದ್ದಾರೆ. ಇವರ ದೃಷ್ಟಿಯೆಲ್ಲ ಮುಂದೊಂದು ದಿನ ಮನುಷ್ಯನು ಕಾಲಿಡಬೇಕಾದ ಮಂಗಳಗ್ರಹದ ಮೇಲೆ.

ಮಂಗಳಗ್ರಹವು ನಮ್ಮ ಕಡೆಯವರಿಗೆ ಅಷ್ಟೇನೂ ಅಪರಿಚಿತವಲ್ಲ. ನಾನು ವಾಸವಾಗಿರುವುದು ಬೆಂಗಳೂರಿನ ಯಶವಂತಪುರದ ಬಳಿ. ಅಲ್ಲಿಂದ ತುಮಕೂರು ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿದರೆ ಪೀಣ್ಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಕಬ್ಬಿಣ ಕೊರೆಯುವ ಸದ್ದು, ಯಂತ್ರದೆಣ್ಣೆಯ ವಾಸನೆ, ಸಾಲುಗಟ್ಟಿ ನಿಂತ ಲಾರಿಗಳು, ಇವುಗಳ ನಡುವೆ ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವಿದೆ. ಆಕಾಶಕ್ಕೆ ಹಾರಿದ ಉಪಗ್ರಹಗಳೊಡನೆ ಮಾತುಕತೆ ನಡೆಸುವ ಮನೆ ಅದು. 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನ ನೌಕೆಯನ್ನು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳನ ಕಕ್ಷೆಗೆ ಸೇರಿಸಿದ್ದು ಅಲ್ಲಿ ಕುಳಿತವರೇ.

ಆ ಬೆಳಗಿನ ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ನೌಕೆಯ ಮುಖ್ಯ ಎಂಜಿನ್ನು ಸುಮಾರು 300 ದಿನ ನಿದ್ರಿಸುತ್ತಿತ್ತು. ಎರಡು ದಿನ ಮೊದಲು ಅದನ್ನು ನಾಲ್ಕೇ ಸೆಕೆಂಡು ಉರಿಸಿ ನೋಡಿದ್ದರು. ಈಗ ಅದು ಸುಮಾರು 24 ನಿಮಿಷಗಳ ಕಾಲ ಉರಿದು ನೌಕೆಯ ವೇಗವನ್ನು ತಗ್ಗಿಸಬೇಕಾಗಿತ್ತು. ಆದರೆ ಅಂದು ಭೂಮಿಯಿಂದ ಹೊರಟ ಸಂದೇಶ ಮಂಗಳನನ್ನು ಮುಟ್ಟಲು ಸುಮಾರು 12 ನಿಮಿಷ ಬೇಕಾಗಿತ್ತು. ಏನಾದರೂ ತೊಡಕಾದರೆ ಅದರ ಸುದ್ದಿ ಬರಲು 12 ನಿಮಿಷ, ಅದಕ್ಕೆ ಪರಿಹಾರ ಹೇಳಿ ಕಳುಹಿಸಲು ಮತ್ತೆ 12 ನಿಮಿಷ. ಅಷ್ಟರೊಳಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಆದ್ದರಿಂದ ವಿಜ್ಞಾನಿಗಳು ಮಾಡಬೇಕಾದ ಕೆಲಸವನ್ನೆಲ್ಲ ಹಲವು ದಿನ ಮೊದಲೇ ಆಜ್ಞೆಗಳ ರೂಪದಲ್ಲಿ ನೌಕೆಗೆ ಕಳುಹಿಸಿ, ತಾವು ಕೈಕಟ್ಟಿ ಕಾದರು. ನೌಕೆಯು ಮಂಗಳನ ಮರೆಗೆ ಸರಿದು, ಮಾತು ನಿಂತು, ಮತ್ತೆ ಹೊರಬಂದು ಸುದ್ದಿ ಕಳುಹಿಸಿತು. ಕೆಲಸ ಸುಸೂತ್ರವಾಗಿ ನಡೆದಿತ್ತು. ಆರು ತಿಂಗಳು ಬಾಳಲೆಂದು ರಚಿಸಿದ ಆ ನೌಕೆ 2022ರವರೆಗೆ ಬಾಳಿತು.

ಯಂತ್ರಕ್ಕಾದರೆ ಆಜ್ಞೆಗಳನ್ನು ಮೊದಲೇ ತುಂಬಿ ಕಳುಹಿಸಬಹುದು. ಮನುಷ್ಯನಿಗೆ ಏನನ್ನು ತುಂಬಿ ಕಳುಹಿಸುವುದು?

ಈ ಪ್ರಶ್ನೆ ಹಗುರವಾದುದಲ್ಲ. ಮಂಗಳನಿಗೆ ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು. ಅಲ್ಲಿ ಇಳಿದವರು ಬೇಕೆಂದಾಗ ಹಿಂತಿರುಗುವಂತಿಲ್ಲ; ಎರಡು ಗ್ರಹಗಳೂ ಪಯಣಕ್ಕೆ ಅನುಕೂಲವಾದ ನೆಲೆಗೆ ಬರುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಮಾತ್ರ. ಮನೆಯ ಹೊಸ್ತಿಲು ದಾಟಿದವರು ಮತ್ತೆ ಹೊಸ್ತಿಲು ಕಾಣಲು ಹೆಚ್ಚು ಕಡಮೆ ಮೂರು ವರ್ಷ. ಭೂಮಿಗೂ ಮಂಗಳನಿಗೂ ನಡುವಣ ಅಂತರ ಹಿಗ್ಗಿ ಕುಗ್ಗುವುದರಿಂದ ಒಂದು ಮಾತು ಹೋಗಿ ಮುಟ್ಟಲು ಕೆಲವೊಮ್ಮೆ 3 ನಿಮಿಷ, ಕೆಲವೊಮ್ಮೆ 22 ನಿಮಿಷ ಹಿಡಿಯುತ್ತದೆ. ಕೂಗಿದರೆ ಓಗೊಡುವವರಿಲ್ಲ, ಓಡಿ ಬರುವವರಂತೂ ಇಲ್ಲವೇ ಇಲ್ಲ.

ಇದಕ್ಕಾಗಿ ನಡೆದ ತಾಲೀಮುಗಳಲ್ಲಿ ಬಹು ದೀರ್ಘವಾದುದು ರಷ್ಯದ ಮಾಸ್ಕೋ ನಗರದ್ದು. 2010ರ ಜೂನ್ 3ರಂದು ಆರು ಮಂದಿ ಕಿಟಕಿಯಿಲ್ಲದ ಕೊಠಡಿಗಳ ಒಂದು ಸಾಲನ್ನು ಹೊಕ್ಕು, 520 ದಿನಗಳ ಬಳಿಕ, 2011ರ ನವೆಂಬರ್ 4ರಂದು ಹೊರಬಂದರು. ಅವರಲ್ಲಿ ಮೂವರು ರಷ್ಯನ್ನರು. ಉಳಿದವರು ಫ್ರಾನ್ಸ್, ಇಟಲಿ, ಚೀನ ದೇಶಗಳಿಂದ ಒಬ್ಬೊಬ್ಬರು. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಅಗ್ನಿಪರ್ವತದ ಇಳಿಜಾರಿನಲ್ಲಿ ಕಟ್ಟಿದ ಗುಮ್ಮಟವೊಂದರಲ್ಲಿ 2015ರ ಆಗಸ್ಟಿನಿಂದ 2016ರ ಆಗಸ್ಟಿನವರೆಗೆ ಆರು ಮಂದಿ ಒಂದು ವರ್ಷ ಕಳೆದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ನಾಲ್ವರು 2023ರ ಜೂನ್ 25ರಿಂದ 2024ರ ಜುಲೈ 6ರವರೆಗೆ 378 ದಿನ ಇದ್ದರು. ಅವರ ಮನೆಯ ವಿಸ್ತೀರ್ಣ 1700 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು ನಲವತ್ತರ ಒಂದೂವರೆ ನಿವೇಶನಕ್ಕಿಂತ ಕಡಮೆ.

ನಮ್ಮ ದೇಶದಲ್ಲಿಯೂ ಈ ಕಾರ್ಯ ಆರಂಭವಾಗಿದೆ. ಲಡಾಖಿನ ತ್ಸೊ ಕಾರ್ ಕಣಿವೆಯಲ್ಲಿ, 4530 ಮೀಟರ್ ಎತ್ತರದಲ್ಲಿ, ಇಸ್ರೋ ಸಂಸ್ಥೆಯು ಬೆಂಗಳೂರಿನ ಪ್ರೋಟೋಪ್ಲಾನೆಟ್ ಎಂಬ ಕಂಪೆನಿಯ ಸಹಯೋಗದಿಂದ ‘ಹೋಪ್’ ಎಂಬ ನೆಲೆಯನ್ನು ಸ್ಥಾಪಿಸಿತು. ಹೋಪ್ ಎಂದರೆ ಭರವಸೆ. ತೆಳುವಾದ ಗಾಳಿ, ಕೊರೆಯುವ ಚಳಿ, ತೀಕ್ಷ್ಣವಾದ ನೇರಳಾತೀತ ಕಿರಣ, ಉಪ್ಪು ಬೆರೆತು ಹೆಪ್ಪುಗಟ್ಟಿದ ನೆಲ, ಇವೆಲ್ಲ ಪ್ರಾಚೀನ ಮಂಗಳನನ್ನು ಹೋಲುತ್ತವೆಂದು ಆ ಸ್ಥಳವನ್ನು ಆರಿಸಿದರು. ವಾಸಕ್ಕೆ 8 ಮೀಟರ್ ವ್ಯಾಸದ ಒಂದು ಕೋಶ. ಅದಕ್ಕೆ ಅಂಟಿಕೊಂಡಂತೆ ಉಪಕರಣಗಳಿಗೆ 5 ಮೀಟರ್ ವ್ಯಾಸದ ಇನ್ನೊಂದು. 2025ರ ಆಗಸ್ಟ್ 1ರಿಂದ 10ರವರೆಗೆ ಇಬ್ಬರು ಅಲ್ಲಿ ವಾಸಮಾಡಿದರು. ಆ ಇಬ್ಬರ ದೇಹಸ್ಥಿತಿಯನ್ನೂ ಮನಃಸ್ಥಿತಿಯನ್ನೂ ಕುರಿತ ಅಧ್ಯಯನದಲ್ಲಿ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಪಾಲ್ಗೊಂಡಿತ್ತು.

ಇಂತಹ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ? ಮಂಗಳನ ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ದೀರ್ಘ. ಎದ್ದೊಡನೆ ತೂಕ, ರಕ್ತದೊತ್ತಡ, ನಾಡಿ, ನಿದ್ರೆಯ ಲೆಕ್ಕ ಬರೆಯಬೇಕು. ಆಮೇಲೆ ವ್ಯಾಯಾಮ. ಉಪಾಹಾರಕ್ಕೆ ಒಣಗಿಸಿಟ್ಟ ಪದಾರ್ಥಕ್ಕೆ ಬಿಸಿನೀರು ಬೆರಸಬೇಕು. ಬಳಿಕ ಕೆಲಸ: ಕೆಟ್ಟ ಉಪಕರಣದ ದುರಸ್ತಿ, ಗಿಡಗಳ ಆರೈಕೆ, ಬಟ್ಟೆ ಒಗೆಯುವುದು, ಕಸ ತೆಗೆಯುವುದು. ಕೆಲವು ದಿನ ಭಾರವಾದ ಉಡುಪನ್ನು ತೊಟ್ಟು ‘ಹೊರಗೆ’ ಹೋಗಿ ಕಲ್ಲುಮಣ್ಣಿನ ಪರೀಕ್ಷೆ. ಸಂಜೆ ವರದಿ ಬರೆದು ಭೂಮಿಗೆ ಕಳುಹಿಸಬೇಕು. ಮರುದಿನವೂ ಅದೇ ಗೋಡೆ, ಅದೇ ಮುಖ, ಅದೇ ಕೆಲಸ. ಇದರಲ್ಲಿ ಸಾಹಸವೆಲ್ಲಿದೆ ಎಂದು ನೀವು ಕೇಳಬಹುದು. ಸಾಹಸವಿರುವುದು ಆ ‘ಅದೇ’ ಎಂಬ ಮಾತಿನಲ್ಲಿಯೇ.

ಊಟದ ವಿಚಾರವನ್ನೇ ನೋಡಿ. ಒಂದೇ ಬಗೆಯ ಊಟವನ್ನು ತಿಂಗಳುಗಟ್ಟಲೆ ಉಂಡವರಿಗೆ ಕ್ರಮೇಣ ಹಸಿವೇ ಕುಂದುತ್ತದೆ, ದೇಹ ಸೊರಗುತ್ತದೆ. ಹವಾಯಿಯ ಗುಮ್ಮಟದಲ್ಲಿ 2013ರಲ್ಲಿ ನಡೆದ ಮೊದಲನೆಯ ಪ್ರಯೋಗದ ವಿಷಯವೇ ಅಡುಗೆ. ಸಿದ್ಧವಾಗಿ ಕಟ್ಟಿ ತಂದ ಊಟ ಒಂದೆಡೆ, ಒಣಸಾಮಗ್ರಿಗಳಿಂದ ತಾವೇ ಮಾಡಿಕೊಂಡ ಅಡುಗೆ ಇನ್ನೊಂದೆಡೆ. ಇವೆರಡನ್ನೂ ನಾಲ್ಕು ತಿಂಗಳು ಹೋಲಿಸಿ ನೋಡಿದರು. ಅಟ್ಟದ ಮೇಲೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಕೂಡಿಟ್ಟು, ಮಳೆಗಾಲದ ಬೇಸರದ ದಿನಗಳಲ್ಲಿ ಒಂದೊಂದಾಗಿ ಇಳಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಶಾಸ್ತ್ರ ಹೊಸದಾಗಿ ತೋರುತ್ತಿರಲಿಲ್ಲ.

ನೀರಿನ ಲೆಕ್ಕ ಇನ್ನೂ ಕಠಿಣ. ಹವಾಯಿಯಲ್ಲಿ ಸ್ನಾನಕ್ಕೆ ನಿಮಿಷಗಳ ಮಿತಿಯಿತ್ತು. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಈ ಪಾಠ ನಮ್ಮ ಮನೆಗೂ ಬಂದಿತು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ, ಒಬ್ಬರಿಗೆ ಒಂದೇ ಬಕೆಟ್ಟು ಎಂದು ಗೊತ್ತುಮಾಡಿಕೊಂಡೆವು. ಮೊದಲ ವಾರ ಎಲ್ಲರಿಗೂ ಸಿಡಿಮಿಡಿ. ಯಾರ ಬಕೆಟ್ಟು ದೊಡ್ಡದು ಎಂಬ ವಾದವೂ ನಡೆಯಿತು. ಮೂರನೆಯ ವಾರದಲ್ಲಿ ನನ್ನ ಮೊಮ್ಮಗಳು ತನ್ನ ಪಾಲಿನಲ್ಲಿ ಎರಡು ತಂಬಿಗೆ ಉಳಿಸಿ, ಜ್ವರದಿಂದ ಎದ್ದ ತನ್ನ ತಾಯಿಗೆ ಕೊಟ್ಟಳು. ಅಳತೆಯ ಬದುಕು ಮನುಷ್ಯನನ್ನು ಸಣ್ಣವನನ್ನಾಗಿಯೂ ಮಾಡಬಹುದು, ದೊಡ್ಡವನನ್ನಾಗಿಯೂ ಮಾಡಬಹುದು ಎಂಬುದನ್ನು ನಾನು ಆ ಒಂದೇ ತಿಂಗಳಲ್ಲಿ ಕಂಡೆ.

ಆದರೆ ಎಲ್ಲಕ್ಕಿಂತ ಮಿಗಿಲಾದ ಪರೀಕ್ಷೆ ತಡವಾಗಿ ಬರುವ ಉತ್ತರದ್ದು. ಹವಾಯಿಯಲ್ಲಿ ಪ್ರತಿಯೊಂದು ಸಂದೇಶವನ್ನೂ 20 ನಿಮಿಷ ತಡೆಹಿಡಿಯುತ್ತಿದ್ದರು. ಹ್ಯೂಸ್ಟನ್ನಿನಲ್ಲಿ 22 ನಿಮಿಷದವರೆಗೆ. ಪ್ರಶ್ನೆ ಕೇಳಿ ಉತ್ತರ ಪಡೆಯಲು ಮುಕ್ಕಾಲು ಗಂಟೆ. ಒಬ್ಬನ ಉಸಿರು ಕಟ್ಟಿದರೆ, ಎಲ್ಲಿಯೋ ಹೊಗೆ ಕಾಣಿಸಿದರೆ, ಆ ಮುಕ್ಕಾಲು ಗಂಟೆ ಯಾರೂ ಕಾಯಲಾರರು. ಆಗ ಅಲ್ಲಿರುವವರೇ ನಿರ್ಧರಿಸಬೇಕು. ಅದರ ಹೊಣೆಯನ್ನೂ ಅವರೇ ಹೊರಬೇಕು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ತಾಯಿಯ ನೆನಪಾಗುತ್ತದೆ. ನಮ್ಮ ತಂದೆ ಸೈನ್ಯದಲ್ಲಿ ದೂರದ ಗಡಿಯಲ್ಲಿದ್ದರು. ದೊಡ್ಡಬಳ್ಳಾಪುರದ ಬಳಿಯ ಹಳ್ಳಿಯಲ್ಲಿ ತಾಯಿಯೊಬ್ಬಳೇ ನಮ್ಮನ್ನು ಸಾಕುತ್ತಿದ್ದಳು. ಕಾಗದ ಬರೆದರೆ ಉತ್ತರ ಬರಲು ಹದಿನೈದು ಇಪ್ಪತ್ತು ದಿನ. ಒಂದು ಮಳೆಗಾಲ ನನ್ನ ತಮ್ಮನಿಗೆ ವಿಷಮಶೀತ ಜ್ವರ ಬಂದು ಮೈ ಕೆಂಡವಾಯಿತು. ಏನು ಮಾಡಲಿ ಎಂದು ಕೇಳಿ ಬರೆಯಲು ಅವಳಿಗೆ ಸಮಯವಿರಲಿಲ್ಲ. ರಾತ್ರಿಯೇ ಗಾಡಿ ಕಟ್ಟಿಸಿ, ಕಿವಿಯ ಓಲೆಯನ್ನು ಅಡವಿಟ್ಟು, ಮಗುವನ್ನು ಪೇಟೆಯ ವೈದ್ಯರ ಬಳಿಗೆ ಒಯ್ದಳು. ಜ್ವರ ಇಳಿದ ಮೇಲೆ ಕಾಗದ ಬರೆಸಿದಳು. ಅದರಲ್ಲಿ ‘ಏನು ಮಾಡಲಿ’ ಎಂಬ ಮಾತು ಒಂದೂ ಇರಲಿಲ್ಲ. ‘ಹೀಗೆ ಮಾಡಿದ್ದೇನೆ’ ಎಂದಿತ್ತು. ತಂದೆಯ ಉತ್ತರ ಬರುವ ಹೊತ್ತಿಗೆ ತಮ್ಮ ಅಂಗಳದಲ್ಲಿ ಗೋಲಿಯಾಡುತ್ತಿದ್ದ. ತಾಯಿಗೆ ಆ ಧೈರ್ಯವನ್ನು ಯಾರೂ ಆಜ್ಞೆಗಳ ರೂಪದಲ್ಲಿ ತುಂಬಿ ಕಳುಹಿಸಿರಲಿಲ್ಲ. ದಿನದಿನದ ಮನೆವಾರ್ತೆಯೇ ಅದನ್ನು ಅವಳಲ್ಲಿ ಬೆಳೆಸಿತ್ತು.

ಧೈರ್ಯವಿದ್ದರೂ ಮನಸ್ಸು ಬಳಲುತ್ತದೆ. ಮಾಸ್ಕೋದ ಆರು ಮಂದಿಯ ಕೈಗೆ ಚಲನವಲನವನ್ನು ಅಳೆಯುವ ಉಪಕರಣ ಕಟ್ಟಿದ್ದರು. ತಿಂಗಳುಗಳು ಕಳೆದಂತೆ ಅವರ ಓಡಾಟ ಕಡಮೆಯಾಯಿತು, ಮಲಗಿರುವ ಹೊತ್ತು ಹೆಚ್ಚಿತು. ಒಬ್ಬನ ದಿನವಂತೂ 25 ಗಂಟೆಗಳದಾಗಿ, ಉಳಿದವರು ಎದ್ದಿರುವಾಗ ಅವನು ಮಲಗಿರುವ, ಅವರು ಮಲಗಿರುವಾಗ ಅವನೊಬ್ಬನೇ ಎದ್ದಿರುವ ಸ್ಥಿತಿ ಒದಗಿತು. ಒಂದೇ ಸೂರಿನಡಿ ಇದ್ದೂ ಒಂಟಿಯಾಗುವುದು ಎಂದರೆ ಇದೇ. ಸೂರ್ಯನ ಬೆಳಕು, ಕೋಳಿಯ ಕೂಗು, ಬೀದಿಯ ತರಕಾರಿಯವನ ಧ್ವನಿ, ಇವು ನಮ್ಮ ಮನಸ್ಸಿನ ಗಡಿಯಾರಕ್ಕೆ ದಿನವೂ ಕೀಲಿ ಕೊಡುತ್ತವೆ ಎಂಬುದು ಇವುಗಳಿಲ್ಲದ ಕಡೆ ತಿಳಿಯುತ್ತದೆ. ಆದುದರಿಂದಲೇ ಒಟ್ಟಿಗೆ ಕುಳಿತು ಉಣ್ಣುವ ಹೊತ್ತನ್ನೂ ಹುಟ್ಟುಹಬ್ಬದ ಸಂಭ್ರಮವನ್ನೂ ಇಂತಹ ತಂಡಗಳು ಕೆಲಸದಷ್ಟೇ ಮುಖ್ಯವೆಂದು ಭಾವಿಸುತ್ತವೆ.

ಇದೆಲ್ಲ ಬರಿಯ ಆಟವಲ್ಲವೆ, ಬೇಸರವಾದರೆ ಬಾಗಿಲು ತೆರೆದು ಬರಬಹುದಲ್ಲವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಈ ಮನೆಗಳಲ್ಲಿ ಭೂಮಿಯ ಗುರುತ್ವವೇ ಇರುತ್ತದೆ. ಮಂಗಳನಲ್ಲಿರುವ ವಿಕಿರಣದ ಅಪಾಯವಿಲ್ಲ. 2018ರ ಫೆಬ್ರುವರಿಯಲ್ಲಿ ಹವಾಯಿಯ ತಂಡದ ಒಬ್ಬ ಸದಸ್ಯರಿಗೆ ನಾಲ್ಕನೆಯ ದಿನವೇ ವಿದ್ಯುದಾಘಾತವಾಯಿತು. ಅವರನ್ನು ಆಸ್ಪತ್ರೆಗೆ ಒಯ್ದರು, ಅವರು ಚೇತರಿಸಿಕೊಂಡರು, ಆ ಪ್ರಯೋಗ ಅಲ್ಲಿಗೆ ನಿಂತಿತು. ಮಂಗಳನಲ್ಲಿ ಆಸ್ಪತ್ರೆಯ ವಾಹನ ಬರುವುದಿಲ್ಲ. ಆದರೆ ಆ ಅರ್ಧಕ್ಕೆ ನಿಂತ ತಾಲೀಮೂ ವ್ಯರ್ಥವೆನ್ನಲಾಗದು. ಎಲ್ಲಿ ಎಡವುತ್ತೇವೆಂಬುದನ್ನು ನೆರೆಹೊರೆಯವರು ಇರುವಾಗಲೇ ತಿಳಿಯುವುದು ಲೇಸು. ಯಾರೂ ಇಲ್ಲದ ನಾಡಿನಲ್ಲಿ ತಿಳಿದರೆ ಆ ತಿಳಿವಿಗೆ ಪ್ರಾಣವನ್ನೇ ಬೆಲೆಯಾಗಿ ತೆರಬೇಕಾದೀತು.

2025ರಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಕ್ಷೇಮವಾಗಿ ಹಿಂತಿರುಗಿದರು. ಮಂಗಳನಿಗೆ ಹೊರಡುವ ಭಾರತೀಯರು ಯಾರೋ, ಎಂದೋ! ಇಂದು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತ ಹುಡುಗಿಯೋ ಹುಡುಗನೋ ಅವರಲ್ಲಿ ಒಬ್ಬರಾಗಿರಬಹುದು. ಗಣಿತ ವಿಜ್ಞಾನಗಳು ಅವರಿಗೆ ಬೇಕು, ಅದರಲ್ಲಿ ಸಂದೇಹವಿಲ್ಲ. ಅದರೊಡನೆ ತನ್ನ ಪಾಲಿನ ನೀರಿನಲ್ಲಿ ಎರಡು ತಂಬಿಗೆ ಉಳಿಸುವ ಮನಸ್ಸೂ, ಉತ್ತರ ಬರುವ ಮೊದಲೇ ತಕ್ಕುದನ್ನು ಮಾಡುವ ವಿವೇಕವೂ, ನಿನ್ನೆ ಮುನಿಸಿಕೊಂಡವನೊಡನೆ ಇಂದು ಉಣ್ಣಲು ಕೂರುವ ದೊಡ್ಡತನವೂ ಬೇಕು. ಇವನ್ನು ಕಲಿಸುವ ಶಾಲೆಗೆ ಲಡಾಖಿನವರೆಗೆ ಹೋಗಬೇಕಾಗಿಲ್ಲ. ಎಲ್ಲರ ಮನೆಯಲ್ಲಿಯೂ ಅದು ನಡೆಯುತ್ತಿದೆ.

ಇನ್ನು ಅವರನ್ನು ಕಳುಹಿಸಿಕೊಡುವವರ ಮಾತು. ಮಗಳು ಕೆಂಪು ನೆಲದಿಂದ ‘ಚೆನ್ನಾಗಿದ್ದೇನೆ’ ಎಂದು ನುಡಿದರೆ, ಆ ನುಡಿ ಯಲಹಂಕದಲ್ಲಿಯೋ ಹೆಬ್ಬಾಳದಲ್ಲಿಯೋ ಇರುವ ಅವಳ ತಂದೆತಾಯಿಗಳ ಕಿವಿಗೆ ಬೀಳುವಾಗ ಇಪ್ಪತ್ತು ನಿಮಿಷ ಹಳೆಯದಾಗಿರುತ್ತದೆ. ಆ ಇಪ್ಪತ್ತು ನಿಮಿಷವನ್ನು ನಂಬಿಕೆಯಿಂದ ಕಳೆಯಲು ಅವರೂ ಕಲಿತಿರಬೇಕು. ಹೋಗುವವರಿಗೆ ಇರುವಂತೆ ಕಾಯುವವರಿಗೂ ಒಂದು ತಾಲೀಮು ಉಂಟು.