ಹನ್ನೊಂದು ಜನ ಬೇಕು: ಏಪ್ರಿಲ್ ತಿಂಗಳ ಕೊಡಗು

ಕೊಡಗಿಗೆ ಯಾವಾಗ ಹೋಗೋದು ಒಳ್ಳೇದು ಅಂತ ಕೇಳಿದರೆ ಹೆಚ್ಚಿನವರು ಮಳೆಗಾಲ ಅಂತಾರೆ, ಇಲ್ಲಾಂದ್ರೆ ಡಿಸೆಂಬರ್. ಮಂಜು, ಹೋಂಸ್ಟೇ, ಅಬ್ಬಿ ಜಲಪಾತ, ರಾಜಾಸೀಟಿನಲ್ಲಿ ಒಂದು ಸೆಲ್ಫಿ. ನನ್ನ ಓಟು ಮಾತ್ರ ಏಪ್ರಿಲ್‌ಗೆ. ಆಗ ಜಲಪಾತದಲ್ಲಿ ನೀರು ಸಣ್ಣಗಾಗಿರುತ್ತೆ, ಮಧ್ಯಾಹ್ನದ ಬಿಸಿಲು ಚುರುಕಾಗಿರುತ್ತೆ, ಮಂಜಿನ ಫೋಟೊ ಸಿಗಲ್ಲ. ಆದರೆ ಆ ತಿಂಗಳು ಊರಲ್ಲಿ ಊರಿನವರು ಇರುತ್ತಾರೆ. ಬೆಂಗಳೂರು, ಮೈಸೂರು, ಪುಣೆ, ದುಬೈ ಅಂತ ಚದುರಿ ಹೋದವರು ಹಾಕಿ ಸ್ಟಿಕ್ ಹಿಡಿದುಕೊಂಡು ಮನೆಗೆ ಬರುವ ಕಾಲ ಅದು.

ಕೊಡವ ಕೌಟುಂಬಿಕ ಹಾಕಿ ಉತ್ಸವದ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಎಂಬ ಊರಿನಲ್ಲಿ ಇದನ್ನು ಶುರು ಮಾಡಿದಾಗ ಬಂದಿದ್ದು 60 ಕುಟುಂಬಗಳು. ಉದ್ದೇಶ ತುಂಬಾ ಸರಳ: ಚದುರಿ ಹೋದ ಒಕ್ಕಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲಿ. ಒಕ್ಕ ಅಂದರೆ ಒಬ್ಬ ಮೂಲಪುರುಷನಿಂದ ಬಂದ ಇಡೀ ಬಳಗ, ಒಂದೇ ಮನೆಹೆಸರಿನವರು. ಪ್ರತಿ ವರ್ಷ ಒಂದೊಂದು ಒಕ್ಕ ಹೊಣೆ ಹೊರುತ್ತದೆ, ಕಪ್ಪಿಗೆ ಆ ಒಕ್ಕದ್ದೇ ಹೆಸರು. 2018ರ ಮಳೆ, ಭೂಕುಸಿತ, ಆಮೇಲೆ ಕೋವಿಡ್ ಅಂತ ನಾಲ್ಕು ವರ್ಷ ನಿಂತುಹೋಗಿದ್ದ ಉತ್ಸವವನ್ನು 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ಮತ್ತೆ ನಡೆಸಿತು. 2024ರಲ್ಲಿ ಅದೇ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್. ಅವತ್ತು 360 ತಂಡಗಳು, ಗಿನ್ನೆಸ್ ದಾಖಲೆ. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡಗಳು. ಸೋತರೆ ಮನೆಗೆ ಅನ್ನುವ ನಾಕೌಟ್ ಆಟ ಇದು. ಅಂದರೆ 396 ತಂಡಗಳಲ್ಲಿ ಒಂದು ಉಳಿಯಬೇಕಾದರೆ, ವಾಕ್‌ಓವರ್ ಸೇರಿಸಿ 395 ಪಂದ್ಯ ಮುಗಿಯಬೇಕು. ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ ಕೊನೆಯ ಭಾನುವಾರ ಫೈನಲ್. ಲೆಕ್ಕ ಹಾಕಿ, ದಿನಕ್ಕೆ ಎಷ್ಟು ಆಯ್ತು ಅಂತ.

ಇದು ಏಪ್ರಿಲ್‌ನಲ್ಲೇ ಯಾಕೆ? ಉತ್ತರ ಕಾಫಿ ತೋಟದಲ್ಲಿದೆ. ಡಿಸೆಂಬರ್, ಜನವರಿಗೆ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ. ಆಗ ಯಾರಿಗೂ ತಲೆ ಎತ್ತಲು ಪುರುಸೊತ್ತಿರಲ್ಲ. ಕೊಯ್ಲು ಮುಗಿದ ಮೇಲೆ ಎಲ್ಲರೂ ಕಾಯೋದು ಹೂಮಳೆಗೆ. ಒಂದು ಒಳ್ಳೇ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತೆ, ಮಲ್ಲಿಗೆಯ ಹಾಗೆ ಘಮ್ ಅನ್ನುತ್ತೆ, ಎರಡು ಮೂರು ದಿನದಲ್ಲಿ ಬಾಡಿಹೋಗುತ್ತೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸಬೇಕು. ಅದೂ ಆದ ಮೇಲೆ ಜೂನ್ ಮಳೆ ಹಿಡಿಯುವವರೆಗೆ ತೋಟದವರಿಗೆ ಒಂಚೂರು ಉಸಿರು. ಮಕ್ಕಳಿಗೂ ರಜೆ. ಮದುವೆಗಳೂ ಈಗಲೇ. ಹಾಗಾಗಿ ಒಂದೇ ತಿಂಗಳಲ್ಲಿ ಬೆಳಗ್ಗೆ ಹಾಕಿ, ಮಧ್ಯಾಹ್ನ ಮದುವೆ ಊಟ, ಸಂಜೆ ನೆಂಟರ ಮನೆ. ಒಬ್ಬರ ಕಾರಿನ ಡಿಕ್ಕಿ ತೆಗೆದರೆ ಹಾಕಿ ಸ್ಟಿಕ್ ಪಕ್ಕದಲ್ಲೇ ರೇಷ್ಮೆ ಸೀರೆಯ ಕವರ್.

ನಾನು ಕೊಡವಳಲ್ಲ, ಬಯಲುಸೀಮೆಯವಳು. 2024ರಲ್ಲಿ ಆಫೀಸಿನ ಗೆಳತಿಯ ಜೊತೆ ಅತಿಥಿಯಾಗಿ ಹೋಗಿದ್ದೆ. ಅವಳ ಒಕ್ಕದ ಹೆಸರು ಇಲ್ಲಿ ಹೇಳಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ. ಫೆಬ್ರವರಿಯಿಂದಲೇ ಅವಳ ಫೋನ್ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಬಿಸಿಯಾಗಿತ್ತು. ವರ್ಷವಿಡೀ ಗುಡ್ ಮಾರ್ನಿಂಗ್ ಮತ್ತು ಹುಟ್ಟುಹಬ್ಬದ ಕೇಕ್ ಬಿಟ್ಟು ಬೇರೇನೂ ಇಲ್ಲದ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ಹನ್ನೊಂದು ಜನ ಆಗ್ತಾರಾ?

ದೊಡ್ಡ ಒಕ್ಕಗಳಿಗೆ ಈ ಚಿಂತೆ ಇಲ್ಲ. ಅವರಲ್ಲಿ ಕೂಡಿಗೆ ಕ್ರೀಡಾ ಶಾಲೆಯಲ್ಲಿ ಪಳಗಿದ ಹುಡುಗರಿರುತ್ತಾರೆ, ರಾಜ್ಯ ತಂಡಕ್ಕೆ ಆಡಿದವರಿರುತ್ತಾರೆ. ಚಿಕ್ಕ ಒಕ್ಕಗಳ ಕಥೆ ಬೇರೆ. ಹೊರಗಿನ ಆಟಗಾರರನ್ನು ಸಾಲ ತರುವ ಹಾಗಿಲ್ಲ, ಮನೆಹೆಸರಿನವರೇ ಬೇಕು. ಗೆಳತಿಯ ತಂಡ ಕೊನೆಗೆ ಹೀಗೆ ಕೂಡಿಬಂತು: ಅವಳ ತಮ್ಮ, ಮೈಸೂರಿನ ಇಬ್ಬರು ಕಸಿನ್‌ಗಳು, ಪುಣೆಯಿಂದ ರಜೆ ಹಾಕಿ ಬಂದ ಇನ್ನೊಬ್ಬ, 58 ವರ್ಷದ ನಿವೃತ್ತ ಸುಬೇದಾರರು, ಅವರ ಇಬ್ಬರು ಮಕ್ಕಳು, ಹದಿನಾಲ್ಕರ ಹುಡುಗ, ಅವನ ಚಿಕ್ಕಪ್ಪ, ಕಾಲೇಜು ಬಿಟ್ಟ ಮೇಲೆ ಸ್ಟಿಕ್ ಮುಟ್ಟದ ನನ್ನ ಗೆಳತಿ, ಮತ್ತು ಹನ್ನೊಂದನೆಯವಳಾಗಿ ಹನ್ನೆರಡು ವರ್ಷದ ಒಬ್ಬ ಹುಡುಗಿ. ಹೌದು, ಇಲ್ಲಿ ಗಂಡು ಹೆಣ್ಣು, ಹಿರಿಯರು ಕಿರಿಯರು ಒಂದೇ ತಂಡದಲ್ಲಿ ಆಡಬಹುದು. ಗೋಲ್‌ಕೀಪರಿನ ಪ್ಯಾಡ್ ಇರಲಿಲ್ಲ. ಹಿಂದಿನ ದಿನ ಸೋತು ಹೊರಬಿದ್ದಿದ್ದ ಇನ್ನೊಂದು ಒಕ್ಕದಿಂದ ಕಡ ತಂದರು.

ಮಡಿಕೇರಿಯಿಂದ ನಾಪೋಕ್ಲುವಿಗೆ ಸುಮಾರು 20 ಕಿಲೋಮೀಟರ್. ಕಿರಿದಾದ ರಸ್ತೆ, ತಿರುವು ಮೇಲೆ ತಿರುವು, ಎರಡೂ ಬದಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಚೆರಿಯಪರಂಬು ಮೈದಾನದ ಹತ್ತಿರ ಬಂದರೆ ಮೊದಲು ಕೇಳಿಸೋದು ಮೈಕು. ಕಾಮೆಂಟರಿಯವರಿಗೆ ಉಸಿರಾಡಲೂ ಬಿಡುವಿಲ್ಲ. ಚೆಂಡು ಯಾರ ಹತ್ತಿರ ಇದೆ ಅನ್ನುವುದರ ಜೊತೆಗೆ ಅವರು ಯಾರ ಮಗ, ಯಾರ ಮನೆ ಅಳಿಯ ಅನ್ನುವುದೂ ಬರಬೇಕು. ಹೊರಗಿನವರಿಗೆ ಈ ಹೆಸರುಗಳು ಮೊದಲು ಗಲಿಬಿಲಿ ಮಾಡುತ್ತವೆ. ಸೂತ್ರ ಗೊತ್ತಾದರೆ ಸುಲಭ: ಮೊದಲು ಒಕ್ಕದ ಹೆಸರು, ಆಮೇಲೆ ಸಾಮಾನ್ಯವಾಗಿ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಒಕ್ಕದ ಹೆಸರು 'ಅಂಡ', 'ಇರ', 'ಮಾಡ' ಅಂತ ಮುಗಿಯುವುದು ಹೆಚ್ಚು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಅಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರ ಇನಿಷಿಯಲ್ಲೂ 'ಕೆ' ಯಾಕೆ ಅಂತ ಯೋಚಿಸಿದ್ದೀರಾ? ಇಬ್ಬರೂ ಕೊಡಂದೇರ ಒಕ್ಕದವರು. ಶಾಲೆಯಲ್ಲಿ ಇಬ್ಬರ ಬಗ್ಗೆಯೂ ಓದಿದ್ದೆ, ಇದು ಗೊತ್ತಾಗಿದ್ದು ಮೈದಾನದ ಬೇಲಿ ಪಕ್ಕ ನಿಂತಾಗ.

ಇನ್ನೊಂದು ವಿಷಯ ಅಲ್ಲಿ ನಿಂತರೆ ಮಾತ್ರ ಅರ್ಥ ಆಗುತ್ತೆ. ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಹೆಣ್ಣು ತರೋದು, ಕೊಡೋದು ಎರಡೂ ಬೇರೆ ಒಕ್ಕಕ್ಕೇ. ಹಾಗಾದರೆ ಎದುರಾಳಿ ತಂಡದಲ್ಲಿರುವವರು ಯಾರು? ನಿಮ್ಮ ಸೋದರಮಾವ, ಅತ್ತೆಯ ಮಗ, ಅಕ್ಕನ ಮೈದುನ. ಟೂರ್ನಿಯ ಡ್ರಾ ಕೈಗೆ ಬಂದ ಕೂಡಲೇ ಮನೆಯಲ್ಲಿ ನಗು ಶುರುವಾಗೋದು ಇದಕ್ಕೇ. ಗೆಳತಿಯ ಒಕ್ಕಕ್ಕೆ ಮೊದಲ ಸುತ್ತಿನಲ್ಲೇ ಎದುರಾದದ್ದು ಅವಳ ಸೋದರತ್ತೆ ಮದುವೆಯಾಗಿ ಹೋದ ಮನೆ. ಅತ್ತೆಯ ಇಬ್ಬರು ಗಂಡುಮಕ್ಕಳೂ ಆ ಕಡೆಗೆ ಆಡುತ್ತಿದ್ದರು. ಅತ್ತೆ ಬೆಳಗ್ಗೆ ಐದಕ್ಕೇ ಎದ್ದು ಎರಡೂ ತಂಡಕ್ಕೆ ಸಾಕಾಗುವಷ್ಟು ಕಡುಂಬುಟ್ಟು, ಪಂದಿಕರಿ ಕಟ್ಟಿಕೊಂಡು ಬಂದಿದ್ದರು. ಯಾರ ಕಡೆಗೆ ಚಪ್ಪಾಳೆ ಅಂತ ಕೇಳಿದೆ. "ಯಾರು ಬಿದ್ದರೂ ಓಡೋದು ನಾನೇ ಅಲ್ವಾ" ಅಂದರು.

ಬಿದ್ದದ್ದು ಹದಿನಾಲ್ಕರ ಹುಡುಗ. ಮೊಣಕಾಲ ಕೆಳಗೆ ಸ್ಟಿಕ್ಕಿನ ಪೆಟ್ಟು. ಹೊಡೆದವನೇ ಎತ್ತಿಕೊಂಡು ಆಚೆ ತಂದು ಕೂರಿಸಿ, ಐಸ್‌ಕ್ಯಾಂಡಿ ಕೊಡಿಸಿ, ಮತ್ತೆ ಒಳಗೆ ಹೋಗಿ ಒಂದು ಗೋಲು ಹಾಕಿದ. 4–0. ಬೆಳಗ್ಗೆ ಹನ್ನೊಂದೂವರೆಗೆಲ್ಲ ಗೆಳತಿಯ ಒಕ್ಕದ ಆ ವರ್ಷದ ಹಾಕಿ ಮುಗಿದಿತ್ತು. ಹನ್ನೆರಡರ ಹುಡುಗಿ ಕೊನೆಯ ಹತ್ತು ನಿಮಿಷ ಲೆಫ್ಟ್ ಸೈಡಿನಲ್ಲಿ ಎರಡು ಸಲ ಚೆಂಡು ತಡೆದಳು. ಮೈಕಿನಲ್ಲಿ ಅವಳ ಪೂರ್ತಿ ಹೆಸರು ಬಂತು, ಒಕ್ಕ ಸಮೇತ. ಅದರ ವಿಡಿಯೊ ಯಾರಾದರೂ ಮಾಡಿದ್ದಾರಾ ಅಂತ ಸಂಜೆವರೆಗೂ ಎಲ್ಲರ ಫೋನ್ ಹುಡುಕಿದಳು.

ಪಂದ್ಯ ಮುಗಿಯಿತು, ಆದರೆ ಎಲ್ಲರೂ ರಜೆ ಹಾಕಿದ್ದು ಮೂರು ದಿನಕ್ಕೆ. ನನಗೆ ಈ ಉತ್ಸವದ ನಿಜವಾದ ಗುಟ್ಟು ಅನ್ನಿಸಿದ್ದು ಇದೇ. ಗೆದ್ದವರು ಮೈದಾನದಲ್ಲಿರುತ್ತಾರೆ, ಸೋತವರಿಗೆ ಮನೆ ಸಿಗುತ್ತೆ. ಮಧ್ಯಾಹ್ನ ಎಲ್ಲರೂ ಐನ್‌ಮನೆಗೆ ಹೋದೆವು. ಐನ್‌ಮನೆ ಅಂದರೆ ಒಕ್ಕದ ಮೂಲಮನೆ. ಮುಂದೆ ಕೈಯಾಲೆ ಅನ್ನುವ ಜಗಲಿ, ಕಂಬಗಳ ನಡುವೆ ಕೂರಲು ಐಮರ ಎಂಬ ದಪ್ಪ ಹಲಗೆ, ಒಳಗೆ ದೀಪ ಇಡುವ ನೆಲ್ಲಕ್ಕಿ ನಡುಬಾಡೆ. ಅಂಗಳದ ಆಚೆ ಹಿರಿಯರ ಗುಡಿ, ಕೈಮಡ. ಇಷ್ಟು ದೊಡ್ಡ ಮನೆಯಲ್ಲಿ ಈಗ ಇರೋದು ಇಬ್ಬರೇ, ಗೆಳತಿಯ ಬಲ್ಯಪ್ಪ ಮತ್ತು ಬಲ್ಯವ್ವ. ಅಂದರೆ ನಮ್ಮ ದೊಡ್ಡಪ್ಪ, ದೊಡ್ಡಮ್ಮ. ಪುಣೆಯಿಂದ ಬಂದವನು ಈ ಮನೆ ಮೆಟ್ಟಿಲು ಹತ್ತಿ ಆರು ವರ್ಷ ಆಗಿತ್ತಂತೆ.

ಹೆಂಚಿನ ಮಾಡು ಒಂದು ಬದಿ ಕುಸಿಯುವ ಹಾಗಿತ್ತು. ಜೂನ್ ಒಳಗೆ ರಿಪೇರಿ ಆಗಲೇಬೇಕು. ಕೊಡಗಿನ ಮಳೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ, ಜಮ್ಮಾ ಭೂಮಿ ಎರಡೂ ಇಡೀ ಒಕ್ಕಕ್ಕೆ ಸೇರಿದ್ದು. ಪಹಣಿಯಲ್ಲಿ ಹಲವರ ಹೆಸರಿದೆ, ಖರ್ಚು ಯಾರ ತಲೆಗೂ ನೇರವಾಗಿ ಬೀಳಲ್ಲ, ಯಾವ ಕಾಗದಕ್ಕಾದರೂ ಎಲ್ಲರ ಸಹಿ ಬೇಕು. ಎರಡು ವರ್ಷದಿಂದ ಬಲ್ಯಪ್ಪ ಗ್ರೂಪಿನಲ್ಲಿ ಒಡೆದ ಹೆಂಚಿನ ಫೋಟೊ ಹಾಕುತ್ತಿದ್ದರು, ಕೆಳಗೆ ನಾಲ್ಕು ಕೈಮುಗಿಯುವ ಇಮೋಜಿ ಬರುತ್ತಿತ್ತು, ಅಷ್ಟೇ. ಅವತ್ತು ಸಂಜೆ ಐಮರದ ಮೇಲೆ ಹದಿನೇಳು ಹದಿನೆಂಟು ಜನ ಕೂತಿದ್ದರು. ಒಳಗೆ ಕಾಡುಮಾವಿನ ಕರಿ ಕುದಿಯುತ್ತಿತ್ತು. ಮಾತು ಸಿಹಿಯಾಗೇನೂ ಇರಲಿಲ್ಲ. ಕಸಿನ್ ಒಬ್ಬ, ವರ್ಷಕ್ಕೆ ಒಂದು ದಿನ ಬರುವ ಮನೆಗೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು, ಚಿಕ್ಕದಾಗಿ ಶೀಟ್ ಹಾಕಿಸಿದರಾಯಿತು ಅಂದ. ಸುಬೇದಾರರಿಗೆ ಸಿಟ್ಟು ಬಂತು. ಬಲ್ಯವ್ವ ಒಳಗಿಂದಲೇ, "ಶೀಟ್ ಮೇಲೆ ಮಳೆ ಬಿದ್ದರೆ ರಾತ್ರಿ ನಿದ್ದೆ ಬರಲ್ಲ, ಇಲ್ಲಿ ಮಲಗೋದು ನಾವು" ಅಂದರು. ಕಸಿನ್ ಹೇಳಿದ್ದರಲ್ಲೂ ತಪ್ಪಿಲ್ಲ ಅಂತ ನನಗೆ ಅನ್ನಿಸಿತು. ಬೆಂಗಳೂರಿನ ಇಎಂಐ ಕಟ್ಟುವವನಿಗೆ ನೂರಾರು ಮೈಲಿ ದೂರದ ಹೆಂಚು ಕಾಣೋದು ಕಷ್ಟ. ರಾತ್ರಿ ಹತ್ತರ ಹೊತ್ತಿಗೆ ಯಾರು ಎಷ್ಟು ಕೊಡಬೇಕು ಅಂತ ಒಂದು ಚೀಟಿ ಆಯಿತು. ಇಬ್ಬರು ಇನ್ನೂ ಹೂಂ ಅಂದಿರಲಿಲ್ಲ. ಉಳಿದವರು ಅಲ್ಲೇ ಬಲ್ಯಪ್ಪನಿಗೆ ಯುಪಿಐ ಮಾಡಿದರು. ನೆಟ್‌ವರ್ಕ್‌ಗಾಗಿ ಗೇಟಿನವರೆಗೆ ನಡೆದು ಹೋಗಿ.

ವರ್ಷದ ಕೊನೆಯಲ್ಲಿ ಪುತ್ತರಿ ಹಬ್ಬಕ್ಕೂ ಒಕ್ಕ ಸೇರುತ್ತದೆ, ಅದೇ ಹಳೇ ಪದ್ಧತಿ. ಆದರೆ ಆಗ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಆಫೀಸು. ಬಾರದವನು ಬರಲಿಲ್ಲ ಅಷ್ಟೇ, ಪೂಜೆ ನಿಲ್ಲಲ್ಲ. ಹಾಕಿ ಹಾಗಲ್ಲ. ಹತ್ತು ಜನ ಬಂದರೆ ಹನ್ನೊಂದನೆಯವನ ಜಾಗ ಎಲ್ಲರ ಕಣ್ಣಿಗೂ ಕಾಣುತ್ತೆ. ಕುಟ್ಟಪ್ಪನವರು ಹಾಕಿಯನ್ನೇ ಆರಿಸಿದ್ದು ಕೊಡಗಿಗೆ ಆ ಆಟದ ಹುಚ್ಚು ಇರುವುದರಿಂದ, ಸರಿ. ಆದರೆ ಜನರನ್ನು ಊರಿಗೆ ಎಳೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಉಪಾಯ ನನಗಂತೂ ಹೊಳೆಯಲ್ಲ.

ಒಂದು ತಕರಾರು ಇದೆ. ತಂಡಗಳ ಸಂಖ್ಯೆ, ದಾಖಲೆ, ಗ್ಯಾಲರಿ, ಫೈನಲ್ ದಿನದ ಗಣ್ಯರ ಸಾಲು, ಎಲ್ಲ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಆತಿಥ್ಯ ವಹಿಸುವ ಒಕ್ಕಕ್ಕೆ ಅದು ತಿಂಗಳುಗಟ್ಟಲೆ ಕೆಲಸ, ದೊಡ್ಡ ಖರ್ಚು. ಗೆಳತಿಯಂಥ ಚಿಕ್ಕ ಒಕ್ಕ ಯಾವತ್ತಾದರೂ ಕಪ್ ನಡೆಸಲು ಆಗುತ್ತಾ ಅಂತ ಕೇಳಿದ್ದಕ್ಕೆ ಬಲ್ಯಪ್ಪ ನಕ್ಕು, "ಮೊದಲು ಮಾಡು ಸರಿಯಾಗಲಿ ಮಗಳೇ" ಅಂದರು.

ನೀವು ಹೋಗುವುದಾದರೆ ಎರಡು ಮಾತು. ಕೊಡಗಿಗೆ ರೈಲಿಲ್ಲ. ಬೆಂಗಳೂರಿನಿಂದ ಬಸ್ಸು ಅಥವಾ ಕಾರಿನಲ್ಲಿ ಐದಾರು ಗಂಟೆ. ಆ ವರ್ಷದ ಕಪ್ ಎಲ್ಲಿ ನಡೆಯುತ್ತಿದೆ ಅಂತ ಮೊದಲೇ ನೋಡಿಕೊಳ್ಳಿ, ಊರು ಬದಲಾಗುತ್ತಿರುತ್ತೆ. ಫೈನಲ್ ನೋಡುವ ಆಸೆಗೆ ಕೊನೆಯ ವಾರವೇ ಬೇಕು ಅಂದರೆ ರೂಮು ಸಿಗೋದು ಕಷ್ಟ. ಅದಕ್ಕಿಂತ ಮೊದಲ ಎರಡು ವಾರ ಹೋಗಿ. ಆಟ ಅಷ್ಟೇನೂ ಚೆನ್ನಾಗಿರಲ್ಲ, ಆದರೆ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಓಡೋದು ಆಗ ಸಿಗುತ್ತೆ. ಟೋಪಿ ಇರಲಿ, ಕೊಡೆಯೂ ಇರಲಿ. ಮೂರು ಗಂಟೆ ಮೇಲೆ ಮೋಡ ಕಟ್ಟಿ ಗುಡುಗಿದರೆ ಹತ್ತೇ ನಿಮಿಷದಲ್ಲಿ ಮೈದಾನ ಕೆಸರು. ನಾಪೋಕ್ಲುವಿನಲ್ಲಿದ್ದರೆ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನ, ನಾಲ್ಕುನಾಡು ಅರಮನೆ ಎರಡೂ ಹತ್ತಿರ. ನಾನು ಹೋದ ದಿನ ಗೇಟಿನಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ. ಬೇಲಿ ಪಕ್ಕ ಜಾಗ ಮಾಡಿಕೊಟ್ಟ ಅಜ್ಜಿಯೊಬ್ಬರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾರ ಮನೆಯವಳಮ್ಮ?" ಅಂತ ಕೇಳಿದರು. ಉತ್ತರ ತಯಾರು ಮಾಡಿಕೊಂಡು ಹೋಗಿ.