ಒಂದು ಅಕ್ಷರ ಕಳೆದುಹೋದಾಗ

ನಮ್ಮ ಮನೆಯಲ್ಲಿ ಅಜ್ಜಿಯು ಬಿತ್ತನೆಯ ಬೀಜವನ್ನು ಬೂದಿ ಬೆರೆಸಿ ಎರಡು ಬೇರೆ ಬೇರೆ ಮಡಕೆಗಳಲ್ಲಿ ತುಂಬಿಸಿ, ಒಂದನ್ನು ಅಡುಗೆಮನೆಯ ಅಟ್ಟದ ಮೇಲೂ ಇನ್ನೊಂದನ್ನು ನಡುಮನೆಯ ಮೂಲೆಯಲ್ಲಿಯೂ ಇರಿಸುತ್ತಿದ್ದಳು. ಒಂದಕ್ಕೆ ಹುಳು ಬಿದ್ದರೂ ಇನ್ನೊಂದು ಉಳಿಯಲೆಂಬುದು ಅವಳ ಎಣಿಕೆ. ಆದರೆ ಅಷ್ಟಕ್ಕೇ ಅವಳು ನಿಶ್ಚಿಂತಳಾಗುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಎರಡೂ ಮಡಕೆಗಳಿಂದ ಹತ್ತು ಹತ್ತು ಕಾಳು ತೆಗೆದು, ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಿದ್ದಳು. ಬಾಲ್ಯದಲ್ಲಿ ಕಣ್ಣಾರೆ ಕಂಡ ಈ ಪಾಠವನ್ನು ಮರೆತುದಕ್ಕಾಗಿ ನಾನು ನಡುವಯಸ್ಸಿನಲ್ಲಿ ತಲೆ ತಗ್ಗಿಸಬೇಕಾಯಿತು. ಆ ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಕೊಳ್ಳುತ್ತೇನೆ.

ನನ್ನದು ಗಣಕಯಂತ್ರದ ವೃತ್ತಿ. ಧಾರವಾಡ ಜಿಲ್ಲೆಯ ನಮ್ಮ ಊರಿನ ಪತ್ತಿನ ಸಹಕಾರಿ ಸಂಘವೊಂದರ ಸದಸ್ಯರ ಹೆಸರು, ವಿಳಾಸ, ಠೇವಣಿ, ಸಾಲಗಳ ವಿವರವೆಲ್ಲವೂ ಗಣಕದಲ್ಲಿ ಒಂದು ದತ್ತಾಂಶ ಸಂಗ್ರಹವಾಗಿ ಇದೆ. ಅದನ್ನೇ ಡೇಟಾಬೇಸ್ ಎನ್ನುತ್ತಾರೆ. ಯಂತ್ರವೆಂದ ಮೇಲೆ ಒಂದಲ್ಲ ಒಂದು ದಿನ ಕೆಡತಕ್ಕದ್ದೇ. ಆದುದರಿಂದ ಪ್ರತಿ ರಾತ್ರಿ ಇಡೀ ಸಂಗ್ರಹದ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡುವ ಬ್ಯಾಕಪ್ ಸಾಧನವೊಂದನ್ನು 2009ರಲ್ಲಿ ನಾನೇ ಬರೆದುಕೊಟ್ಟಿದ್ದೆನು. ಏಳು ರಾತ್ರಿಗಳ ಪ್ರತಿಗಳು ಉಳಿಯುತ್ತಿದ್ದವು; ಎಂಟನೆಯದು ಬಂದಾಗ ಅತಿ ಹಳೆಯದು ಅಳಿಯುತ್ತಿತ್ತು. ಇದಲ್ಲದೆ ತಿಂಗಳ ಕೊನೆಯ ಪ್ರತಿಯನ್ನು ಕಾರ್ಯದರ್ಶಿಗಳು ಪೆನ್‌ಡ್ರೈವ್‌ನಲ್ಲಿ ಹಾಕಿ ತಿಜೋರಿಯಲ್ಲಿಡುವ ರೂಢಿಯನ್ನು ಬೆಳೆಸಿಕೊಂಡಿದ್ದರು. ಆಗ ಸದಸ್ಯರ ಹೆಸರುಗಳು ಇಂಗ್ಲಿಷಿನಲ್ಲಿದ್ದವು. 2016ರಲ್ಲಿ ಎಲ್ಲವನ್ನೂ ಯೂನಿಕೋಡ್ ಕನ್ನಡಕ್ಕೆ ಬದಲಾಯಿಸಿದೆವು. ಬ್ಯಾಕಪ್ ಸಾಧನವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಏಳು ವರ್ಷ ಚಾಚೂ ತಪ್ಪದೆ ನಡೆದಿದ್ದಿತಲ್ಲವೆ?

2019ರ ಆಗಸ್ಟ್ ತಿಂಗಳ ನಡುವಿನಲ್ಲಿ ಸಂಘದ ಗಣಕದ ಡಿಸ್ಕ್ ಕೆಟ್ಟು ನಿಂತಿತು. ನಾನು ಬೆಂಗಳೂರಿನಿಂದ ರಾತ್ರಿಯ ಬಸ್ಸು ಹಿಡಿದು ಹೋಗಿ, ಹಿಂದಿನ ರಾತ್ರಿಯ ಪ್ರತಿಯಿಂದ ಎಲ್ಲವನ್ನೂ ಹೊಸ ಡಿಸ್ಕಿಗೆ ಮರಳಿ ತುಂಬಿಸಿದೆನು. ಸದಸ್ಯರ ಸಂಖ್ಯೆ ಸರಿಯಾಗಿತ್ತು. ಠೇವಣಿ, ಸಾಲಗಳ ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ಕಾರ್ಯದರ್ಶಿಗಳು ಪೇಢೆ ತರಿಸಿ ಹಂಚಿದರು. ನಾನೂ ಹೆಮ್ಮೆಯಿಂದಲೇ ಹಿಂದಿರುಗಿದೆನು.

ಸೆಪ್ಟೆಂಬರಿನಲ್ಲಿ ಕಾರ್ಯದರ್ಶಿಗಳು ದೂರವಾಣಿ ಮಾಡಿದರು. ವಯಸ್ಸಾದ ವಿಧವೆಯೊಬ್ಬರು ಠೇವಣಿಯ ಹಣ ಪಡೆಯಲು ಬಂದಿದ್ದರು. ಪತಿ ತೀರಿಕೊಂಡ ಬಳಿಕ ಆ ಠೇವಣಿ ಆಗಸ್ಟ್ ಮೊದಲ ವಾರದಲ್ಲಷ್ಟೇ ಅವರ ಹೆಸರಿಗೆ ವರ್ಗವಾಗಿತ್ತು. ಮೊಮ್ಮಗಳ ನರ್ಸಿಂಗ್ ಶಿಕ್ಷಣದ ಶುಲ್ಕ ಕಟ್ಟಲು ಹಣ ಬೇಕಾಗಿತ್ತು. ಕಟ್ಟುವ ಗಡುವು ಸಮೀಪಿಸಿತ್ತು. ಗಣಕದಿಂದ ಮುದ್ರಿತವಾದ ಚೆಕ್ಕಿನಲ್ಲಿ ಅವರ ಹೆಸರಿನ ಕೊನೆಯ ‘ವ್ವ’ ಅಕ್ಷರವು ಒಡೆದು, ಎರಡು ‘ವ’ಗಳ ನಡುವೆ ಪ್ರಶ್ನೆಯ ಗುರುತುಳ್ಳ ಎರಡು ಕಪ್ಪು ವಜ್ರಾಕೃತಿಗಳು ಮೂಡಿದ್ದವು. ಬ್ಯಾಂಕಿನವರು ಆಧಾರ್ ಚೀಟಿಯೊಡನೆ ಹೆಸರು ಹೊಂದುವುದಿಲ್ಲವೆಂದು ಅದನ್ನು ಮರಳಿಸಿದ್ದರು. ಆ ತಾಯಿ ಮೂರು ಸಲ ಹಳ್ಳಿಯಿಂದ ಬಂದು ಬರಿಗೈಯಲ್ಲಿ ಹೋಗಿದ್ದರು.

ಆಗ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುವುದು ಮೇಲು. ಕುಳಿತಲ್ಲಿಂದಲೇ, ‘ನಿಮ್ಮ ಗುಮಾಸ್ತೆ ಹಳೆಯ ಫಾಂಟಿನಲ್ಲಿದ್ದ ಹೆಸರನ್ನು ಎಲ್ಲಿಂದಲೋ ತಂದು ಅಂಟಿಸಿರಬೇಕು’ ಎಂದುಬಿಟ್ಟೆನು. ನನ್ನ ಮಾತನ್ನು ನಂಬಿ ಕಾರ್ಯದರ್ಶಿಗಳು ಆ ಹುಡುಗಿಯನ್ನು ಎಲ್ಲರೆದುರಿಗೆ ಗದರಿಸಿದರು. ಅವಳು ಅಳುತ್ತಲೇ, ‘ಸರ್, ನಾನು ಕೈಯಿಂದಲೇ ಟೈಪ್ ಮಾಡೀನ್ರಿ, ಅವತ್ತು ಸರಿಯಾಗೇ ಇತ್ತರಿ’ ಎಂದಳಂತೆ. ಆ ಮಾತು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಮರುದಿನವೇ ಊರಿಗೆ ಹೊರಟೆನು.

ಸಂಘದ ಕಚೇರಿಯಲ್ಲಿ ಆ ತಾಯಿಯೂ ಕುಳಿತಿದ್ದರು. ಚೆಕ್ಕನ್ನು ನನ್ನೆದುರು ಹಿಡಿದು, ‘ನನ್ನ ಹೆಸರಿನ್ಯಾಗ ತೂತು ಬಿದ್ದೈತೇನಪಾ ತಮ್ಮಾ?’ ಎಂದು ಕೇಳಿದರು. ನಾನು ‘ತಡೀರಿ ಯವ್ವಾ, ಹುಡುಕತೀನಿ’ ಎಂದೆನೇ ಹೊರತು ಬೇರೆ ಉತ್ತರ ತೋಚಲಿಲ್ಲ.

ಹುಡುಕಿದಾಗ ಅಂಥ ತೂತುಗಳು ಒಟ್ಟು 37 ಇದ್ದವು. 11 ಹೆಸರುಗಳಲ್ಲಿ, ಉಳಿದವು ವಿಳಾಸ ಮತ್ತು ಷರಾಗಳಲ್ಲಿ. ಕೆಲವು ಕಡೆ ಎರಡು ವಜ್ರಗಳು, ಕೆಲವು ಕಡೆ ಮೂರು. ಒಂದೇ ಒಂದು ಅಂಕಿಯೂ ಕೆಟ್ಟಿರಲಿಲ್ಲ. ಇಂಗ್ಲಿಷಿನ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಹೀಗೇಕೆಂಬ ಪ್ರಶ್ನೆಯೇ ನನ್ನನ್ನು ದಾರಿಗೆ ತಂದಿತು.

ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಯೂನಿಕೋಡ್ ಪದ್ಧತಿಯಲ್ಲಿ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯಿದೆ. ಕನ್ನಡಕ್ಕೆ ಮೀಸಲಾದುದು 128 ಸ್ಥಾನಗಳ ಒಂದು ಗುಂಪು. ಆ ಸಂಖ್ಯೆಗಳನ್ನು ಗಣಕದಲ್ಲಿ ಬರೆದಿಡಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಅಕ್ಷರಕ್ಕೂ ಅಂಕಿಗೂ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟ್ ಬೇಕು. ‘ಶ್ರೀ’ ಎಂದು ಬರೆದರೆ ಶಕಾರ, ವಿರಾಮ ಚಿಹ್ನೆ, ರೇಫ, ದೀರ್ಘ ಸ್ವರಚಿಹ್ನೆಗಳೆಂಬ ನಾಲ್ಕು ಸೇರಿ 12 ಬೈಟ್‌ಗಳಾಗುತ್ತವೆ.

ನನ್ನ ಸಾಧನವು ಸಂಗ್ರಹವನ್ನು ಒಮ್ಮೆಲೇ ನುಂಗದೆ 65,536 ಬೈಟ್‌ಗಳ ತುತ್ತುಗಳನ್ನಾಗಿ ಮಾಡಿ ಓದುತ್ತಿತ್ತು. ಎಷ್ಟು ಸಾಲುಗಳಾದವೆಂದು ಪರದೆಯ ಮೇಲೆ ತೋರಿಸುವ ಚಪಲಕ್ಕಾಗಿ, ಪ್ರತಿ ತುತ್ತನ್ನೂ ಅಕ್ಷರಗಳನ್ನಾಗಿ ಬಿಡಿಸಿ, ಎಣಿಸಿ, ಪುನಃ ಬೈಟ್‌ಗಳನ್ನಾಗಿ ಬರೆಯುವಂತೆ ನಾನು ಮಾಡಿದ್ದೆನು. 65,536ನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆದಕಾರಣ ಕೆಲವು ತುತ್ತುಗಳ ಅಂಚು ಕನ್ನಡದ ಚಿಹ್ನೆಯೊಂದರ ಹೊಟ್ಟೆಯನ್ನೇ ಸೀಳಿ ಬೀಳುತ್ತಿತ್ತು. ಅರ್ಧ ಈಚೆಯ ತುತ್ತಿನಲ್ಲಿ, ಅರ್ಧ ಆಚೆಯದರಲ್ಲಿ; ಎರಡೂ ಅರ್ಥವಿಲ್ಲದ ಚೂರುಗಳು. ಸಾಧನವು ಪ್ರತಿ ಚೂರಿಗೂ ‘ತಿಳಿಯಲಾಗದು’ ಎಂಬ ವಜ್ರದ ಗುರುತು ಹಾಕಿ ಮುಂದೆ ಸಾಗುತ್ತಿತ್ತು. ಒಂದೇ ಬೈಟಿನ ಅಂಕಿ ಸೀಳುವಂತಿಲ್ಲ. ಆದುದರಿಂದಲೇ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಿ ನಮ್ಮ ಕಣ್ಣಿಗೆ ಮಣ್ಣೆರಚಿತ್ತು.

ನನ್ನ ಊಹೆಯನ್ನು ಪರೀಕ್ಷಿಸಲು ‘ಕ’ ಎಂಬ ಒಂದೇ ಅಕ್ಷರವನ್ನು ಒಂದು ಲಕ್ಷ ಸಲ ಬರೆದ ಕಡತವನ್ನು, ಅಂದರೆ ಮೂರು ಲಕ್ಷ ಬೈಟ್‌ಗಳನ್ನು, ಸಾಧನದ ಬಾಯಿಗೆ ಕೊಟ್ಟೆನು. ಅದರಲ್ಲಿ ನಾಲ್ಕು ಅಂಚುಗಳು ಬರಬೇಕು. ಮೊದಲ ಅಂಚಿನಲ್ಲಿ ಮೂರು ವಜ್ರಗಳು, ಎರಡನೆಯದರಲ್ಲಿ ಎರಡು. ಮೂರನೆಯ ಅಂಚು ಅಕ್ಷರಗಳ ಸಂಧಿಯಲ್ಲೇ ಬಿದ್ದು ನಿರ್ದೋಷ. ನಾಲ್ಕನೆಯದರಲ್ಲಿ ಮತ್ತೆ ಮೂರು. ಕಾಗದದ ಮೇಲೆ ನಾನು ಮೊದಲೇ ಬರೆದಿಟ್ಟುಕೊಂಡ ಎಣಿಕೆಗೆ ಅದು ಸರಿಯಾಗಿ ಹೊಂದಿತು. 2016ರಲ್ಲಿ ನಾನು ಕನ್ನಡದ ಪರೀಕ್ಷೆ ಮಾಡಿದ್ದು ನಿಜ. ಆದರೆ ಆ ಕಡತದಲ್ಲಿದ್ದುದು ಇಪ್ಪತ್ತೇ ಹೆಸರು. ಒಂದು ತುತ್ತಿಗೂ ಸಾಲದು. ಅಂಚೇ ಬರದ ಕಡತದಲ್ಲಿ ಅಂಚಿನ ದೋಷ ಕಾಣುವುದೆಂತು?

ದೋಷವನ್ನು ತಿದ್ದಲು ಹಿಡಿದದ್ದು ಹತ್ತು ನಿಮಿಷ. ತುತ್ತಿನ ಕೊನೆಯಲ್ಲಿ ಅಪೂರ್ಣವಾಗಿ ಉಳಿದ ಒಂದೋ ಎರಡೋ ಬೈಟ್‌ಗಳನ್ನು ತೆಗೆದಿಟ್ಟುಕೊಂಡು ಮುಂದಿನ ತುತ್ತಿನ ತಲೆಗೆ ಸೇರಿಸಿದರೆ ಮುಗಿಯಿತು. ತಾಳೆಗರಿಗಳನ್ನು ಓದಬಲ್ಲವರು ಹೀಗೆಯೇ ಮಾಡುತ್ತಿದ್ದರು. ಅಲ್ಲಿ ಪದಗಳ ನಡುವೆ ತೆರಪಿಲ್ಲ. ಗರಿಯ ಅಂಚಿನಲ್ಲಿ ಪದ ಎಲ್ಲಿ ಬೇಕಾದರೂ ಮುರಿಯುತ್ತದೆ. ಓದುವವನು ಅರ್ಧ ಪದವನ್ನು ಬಾಯಲ್ಲೇ ಹಿಡಿದು, ಮುಂದಿನ ಗರಿ ತಿರುವಿ, ಉಳಿದರ್ಧದೊಡನೆ ಕೂಡಿಸಿ ಉಚ್ಚರಿಸುತ್ತಾನೆ. ಆಮೇಲೆ ಇನ್ನಷ್ಟು ಯೋಚಿಸಿ, ಅಕ್ಷರ ಬಿಡಿಸುವ ಕೆಲಸವನ್ನೇ ಆ ಸಾಧನದಿಂದ ತೆಗೆದುಹಾಕಿದೆನು. ಪ್ರತಿ ಮಾಡುವವನಿಗೆ ಇದ್ದುದನ್ನು ಇದ್ದಂತೆಯೇ ಒಯ್ದಿಡುವುದಷ್ಟೇ ಕೆಲಸ.

ಆದರೆ ಕಳೆದುಹೋದ ಅಕ್ಷರಗಳು ಮರಳುವುದು ಹೇಗೆ? ವಜ್ರದ ಗುರುತಿನಿಂದ ಮೂಲ ಅಕ್ಷರವನ್ನು ಪಡೆಯುವ ಉಪಾಯವಿಲ್ಲ. ಏಳು ರಾತ್ರಿಗಳ ಹಳೆಯ ಪ್ರತಿಗಳು ಅಷ್ಟರಲ್ಲಿ ಅಳಿದುಹೋಗಿದ್ದವು. ತಿಜೋರಿಯಲ್ಲಿ ಜುಲೈ ಕೊನೆಯ ಪ್ರತಿಯಿತ್ತು. ಅದಕ್ಕೂ ಅದೇ ರೋಗ ತಗಲಿತ್ತಾದರೂ ತೂತುಗಳು ಬೇರೆ ಕಡೆ ಬಿದ್ದಿದ್ದವು. ಹೊಸ ದಾಖಲೆ ಸೇರಿದಂತೆಲ್ಲ ಅಂಚುಗಳು ಸರಿಯುವುದರಿಂದ ಪ್ರತಿ ರಾತ್ರಿಯೂ ಕೆಡುವ ಅಕ್ಷರಗಳು ಬೇರೆ ಬೇರೆ. ಎರಡನ್ನೂ ಹೋಲಿಸಿ 34 ಅಕ್ಷರಗಳನ್ನು ಮರಳಿ ಪಡೆದೆವು. ಉಳಿದ ಮೂರು ಆಗಸ್ಟ್ ತಿಂಗಳಲ್ಲಿ ಸೇರಿದ ದಾಖಲೆಗಳು. ಅವುಗಳಲ್ಲಿ ಆ ತಾಯಿಯದೂ ಒಂದು. ಆಗ ಗುಮಾಸ್ತೆ ಹುಡುಗಿಯೇ ಕಪಾಟು ತೆಗೆದು, ಠೇವಣಿ ವರ್ಗಾವಣೆಯ ಅರ್ಜಿಗಳ ಕಟ್ಟನ್ನು ಬಿಚ್ಚಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ದುಂಡಗೆ ಬರೆದ ಹೆಸರನ್ನು ತೋರಿಸಿದಳು. ಅವಳ ಅಕ್ಷರವೇ ಅದು. ಕಳೆದುಹೋದದ್ದು ‘ವ್ವ’ದ ನಡುವಿನ ವಿರಾಮ ಚಿಹ್ನೆ, ಎರಡು ವಕಾರಗಳನ್ನು ಒಂದಾಗಿ ಬೆಸೆಯುವ ಒಂದು ಸಣ್ಣ ಕುರುಹು.

ಹೊಸ ಚೆಕ್ಕನ್ನು ಕಾರ್ಯದರ್ಶಿಗಳೇ ಬ್ಯಾಂಕಿಗೆ ಒಯ್ದರು. ಗಡುವಿಗೆ ಎರಡು ದಿನ ಮುಂಚೆ ಶುಲ್ಕ ಸಂದಾಯವಾಯಿತು. ಸಿಬ್ಬಂದಿಯೆಲ್ಲರ ಎದುರಿನಲ್ಲಿ ನಾನು ಆ ಹುಡುಗಿಯ ಕ್ಷಮೆ ಬೇಡಿದೆನು. ಎಲ್ಲರೆದುರು ಆದ ಅವಮಾನಕ್ಕೆ ಒಳಕೋಣೆಯ ಕ್ಷಮಾಪಣೆ ಸಾಲದೆಂದು ನನಗೆ ತೋರಿತು. ಅವಳು ‘ಇರಲಿ ಬಿಡ್ರಿ ಸರ್’ ಎಂದಳು. ಆದರೆ ಅವಳ ಮುಖ ಅಂದು ಪೂರ್ತಿಯಾಗಿ ಅರಳಲಿಲ್ಲವೆಂಬುದನ್ನೂ ಹೇಳಬೇಕು.

ಇಂಥ ಅಜಾಗರೂಕತೆ ಸಣ್ಣ ಊರಿನ ಸಂಘಗಳಿಗೆ ಮಾತ್ರ ಸೀಮಿತವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಕೈತಪ್ಪಿನಿಂದ ಮುಖ್ಯ ದತ್ತಾಂಶ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ ನಡೆದೇ ಇರಲಿಲ್ಲವೆಂಬುದು ಬೆಳಕಿಗೆ ಬಂದಿತು. ಸಾಧನದ ಆವೃತ್ತಿ 9.2, ಡೇಟಾಬೇಸಿನದು 9.6. ಹೊಂದಾಣಿಕೆಯಾಗದೆ ಅದು ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಬೇರೊಂದು ಪ್ರತಿಯಿಂದ ಅವರು ಚೇತರಿಸಿಕೊಂಡರು. ಅವರು ಇದನ್ನೆಲ್ಲ ಮರೆಮಾಚದೆ ಪ್ರಕಟಿಸಿದ್ದನ್ನು ನಾನು ಆಗಲೇ ಓದಿದ್ದೆನು. ಓದಿ, ‘ನಮ್ಮಲ್ಲಿ ಹಾಗಾಗದು’ ಎಂದುಕೊಂಡಿದ್ದೆನು.

ನನ್ನ ನಿಜವಾದ ದೋಷ ಮೂರು ಬೈಟ್‌ಗಳ ಲೆಕ್ಕದ್ದಲ್ಲ. ‘ತಿಳಿಯದ್ದು ಎದುರಾದರೆ ನಿಲ್ಲಬೇಡ, ಗುರುತು ಹಾಕಿ ಮುಂದೆ ನಡೆ’ ಎಂದು ಸಾಧನಕ್ಕೆ ಕಲಿಸಿದವನು ನಾನೇ. ಅದು ಮೂರು ವರ್ಷ ಪ್ರತಿ ರಾತ್ರಿ ಅಕ್ಷರಗಳನ್ನು ಕಳೆಯುತ್ತ, ‘ಯಶಸ್ವಿ’ ಎಂದು ವರದಿ ಬರೆಯಿತು. ಈಗಿನ ಸಾಧನವು ಅನುಮಾನ ಬಂದರೆ ನಿಂತು ಕೂಗುತ್ತದೆ. ಪ್ರತಿ ತಿಂಗಳ ಮೊದಲ ಶನಿವಾರ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ಪೂರ್ತಿಯಾಗಿ ಬಿಚ್ಚಿ, ಮೂಲದೊಡನೆ ಬೈಟಿಗೆ ಬೈಟ್ ಹೋಲಿಸಿ ನೋಡಲಾಗುತ್ತದೆ. ಈ ಕೆಲಸವನ್ನು ನೋಡಿಕೊಳ್ಳುತ್ತಿರುವವಳು ಆ ಗುಮಾಸ್ತೆ ಹುಡುಗಿಯೇ.

ಇಂದು ನಮ್ಮ ಮನೆಮನೆಗಳಲ್ಲಿಯೂ ಮಕ್ಕಳ ಚಿತ್ರಗಳು, ಹೊಲಮನೆಯ ಕಾಗದಪತ್ರಗಳು ದೂರವಾಣಿಯಲ್ಲಿಯೋ ಪೆನ್‌ಡ್ರೈವ್‌ನಲ್ಲಿಯೋ ಅಡಗಿ ಕುಳಿತಿವೆ. ಎರಡು ಕಡೆ ಇಟ್ಟಿದ್ದೇವೆಂದು ನಾವು ಸಮಾಧಾನಪಡುತ್ತೇವೆ. ಬಿಡುವಾದ ಒಂದು ಭಾನುವಾರ ಅವುಗಳಲ್ಲಿ ಹತ್ತನ್ನು ತೆರೆದು ನೋಡಿರಿ. ಮಡಕೆ ತುಂಬ ಬೀಜವಿದ್ದರೂ ನಮ್ಮ ಅಜ್ಜಿ ಮೊದಲು ಒದ್ದೆಯ ಬಟ್ಟೆಯನ್ನು ಬಿಚ್ಚಿ ಮೊಳಕೆ ಎಣಿಸುತ್ತಿದ್ದಳು. ಬಿತ್ತನೆಯ ಮಾತು ಅನಂತರ.